ವಯಸ್ಕರ ಶಿಕ್ಷಣ: ಕಲಿಯುವವರ ಯೋಗಕ್ಷೇಮ



ನಿಮ್ಮಲ್ಲಿ ಕೆಲವರು ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಲ್ಲಿ ಭಾಗವಹಿಸಿರಬಹುದು. ಇನ್ನು ಕೆಲವರು ಮನೆಯಲ್ಲಿರುವ ಅಜ್ಜಿಗೋ ಪಕ್ಕದ ಮನೆಯ ಚಿಗವ್ವನಿಗೋ ಹೆಸರು ಬರೆಯುವುದನ್ನು ಕಲಿಸಿರಬಹುದು. ಮುಂದೆಯಾದರೂ ಅಂಥ ಸಂದರ್ಭ ನಿಮಗೆ ಒದಗಿ ಬರಲೆಂದೇ ನಾನು ಬಯಸುತ್ತೇನೆ. ಅಕ್ಷರ ಕಲಿಸುವುದು ಹೇಗೆ ಎಂಬ ವಿಚಾರವಾಗಿ ಬೇಕಾದಷ್ಟು ಪುಸ್ತಕಗಳಿವೆ. ಕಲಿಯಲು ಬಂದವರನ್ನು ನೋಡಿಕೊಳ್ಳುವುದು ಹೇಗೆ, ಅವರ ಮಾನ, ಆರೋಗ್ಯ ಮತ್ತು ಸುರಕ್ಷತೆಗಳನ್ನು ಕಾಪಾಡುವುದು ಹೇಗೆ ಎಂಬುದರ ಬಗ್ಗೆ ಮಾತ್ರ ನಾವು ಅಷ್ಟಾಗಿ ಯೋಚಿಸುವುದಿಲ್ಲ. ಇಂದು ನಿಮ್ಮೊಡನೆ ಹಂಚಿಕೊಳ್ಳಬಯಸುವುದು ಇದೇ ವಿಚಾರವನ್ನು.

ನನ್ನದೇ ತಪ್ಪೊಂದರಿಂದ ಆರಂಭಿಸುತ್ತೇನೆ. 1990ರ ದಶಕದ ಮೊದಲ ವರ್ಷಗಳು. ರೋಣ ತಾಲ್ಲೂಕು ಆಗ ಧಾರವಾಡ ಜಿಲ್ಲೆಗೆ ಸೇರಿತ್ತು. ಕಾಲೇಜು ಓದುತ್ತಿದ್ದ ನಾವು ನಾಲ್ಕೈದು ಜನ ಗೆಳೆಯರು ಆ ಕಡೆಯ ಒಂದು ಹಳ್ಳಿಯಲ್ಲಿ ಸಂಜೆಯ ತರಗತಿ ನಡೆಸುತ್ತಿದ್ದೆವು. ಗುಡಿಯ ಕಟ್ಟೆಯೇ ಶಾಲೆ, ಒಂದೇ ಒಂದು ವಿದ್ಯುತ್ ದೀಪ. ಬರುತ್ತಿದ್ದವರಲ್ಲಿ ನಲವತ್ತೈದರ ಆಸುಪಾಸಿನ ಒಬ್ಬ ಕೂಲಿ ಹೆಣ್ಣುಮಗಳಿದ್ದಳು. ದಿನವಿಡೀ ಹೊಲದಲ್ಲಿ ದುಡಿದು, ರೊಟ್ಟಿ ಬಡಿದಿಟ್ಟು, ಕೈ ತೊಳೆದುಕೊಂಡು ಬರುತ್ತಿದ್ದಳು. ನಾಲ್ಕು ತಿಂಗಳಲ್ಲಿ ತನ್ನ ಹೆಸರು ಬರೆಯಲು ಕಲಿತಳು, ಬಸ್ಸಿನ ಮೇಲಿನ ಊರ ಹೆಸರು ಓದಲು ಕಲಿತಳು. ಸಮಾರೋಪದ ದಿನ ಅತಿಥಿಗಳು ಬಂದರು. ನಮ್ಮ ಕೆಲಸವನ್ನು ತೋರಿಸಿಕೊಳ್ಳುವ ಉತ್ಸಾಹದಲ್ಲಿ ನಾವು ಆಕೆಯನ್ನು ಎಬ್ಬಿಸಿ ನಿಲ್ಲಿಸಿ, ಕೈಗೆ ಒಂದು ದಿನಪತ್ರಿಕೆ ಕೊಟ್ಟು ಓದಲು ಹೇಳಿದೆವು. ಆಕೆ ಹಾಳೆಯನ್ನು ಹತ್ತಿರ ಹಿಡಿದಳು, ದೂರ ಹಿಡಿದಳು, ಓದಲಿಲ್ಲ. ಕೂತವರಲ್ಲಿ ಯಾರೋ ನಕ್ಕರು. ನಮ್ಮಲ್ಲೇ ಒಬ್ಬ, "ನಾಕು ತಿಂಗಳಾತು, ಇನ್ನೂ ಬರವಲ್ದು" ಎಂದ. ಆಕೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಕುಳಿತುಬಿಟ್ಟಳು.

ಮರುದಿನ ಆಕೆ ಬರಲಿಲ್ಲ. ಮೂರನೆಯ ದಿನ ನಾನು ಮನೆಗೆ ಹೋದೆ. "ಓದಾಕ ಬರ್ತದೋ ತಮ್ಮಾ, ಕಣ್ಣಿಗೆ ಕಾಣ್ಸಂಗಿಲ್ಲ" ಎಂದಳು. ಅಷ್ಟೇ ಮಾತು. ನಾಲ್ಕು ತಿಂಗಳು ಹಲಗೆಯ ಮೇಲಿನ ದೊಡ್ಡ ಅಕ್ಷರಗಳನ್ನು ಓದಿದವಳಿಗೆ ಪತ್ರಿಕೆಯ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ನಾವು ಒಂದು ದಿನವೂ ಅದನ್ನು ಕೇಳಿರಲಿಲ್ಲ. ಆಕೆ ಮತ್ತೆ ತರಗತಿಗೆ ಬರಲೇ ಇಲ್ಲ.

ಮಿತ್ರರೇ, ಇದು ಚಿಕ್ಕ ಘಟನೆ ಎನಿಸಬಹುದು. ವಯಸ್ಕರ ಶಿಕ್ಷಣದಲ್ಲಿ ಕಲಿಯುವವರ ಯೋಗಕ್ಷೇಮ ಎಂದರೆ ಏನು ಎಂಬುದು ನನಗೆ ಅರ್ಥವಾದದ್ದು ಮಾತ್ರ ಇಲ್ಲಿಂದಲೇ. ಶಾಲೆಗೆ ಬರುವ ಮಗುವನ್ನು ತಂದೆತಾಯಿ ಕಳುಹಿಸುತ್ತಾರೆ. ವಯಸ್ಕರು ತಾವಾಗಿಯೇ ಬರುತ್ತಾರೆ. ತಮಗೆ ಬಾರದ್ದನ್ನು ಬಾರದೆಂದು ಊರವರ ಎದುರಿಗೆ ಒಪ್ಪಿಕೊಂಡು ಬರುತ್ತಾರೆ. ಆ ಧೈರ್ಯಕ್ಕೆ ಒಂದು ಸಲ ಪೆಟ್ಟು ಬಿದ್ದರೆ ಮತ್ತೆ ಹಿಂದಿರುಗಿ ಬರುವುದು ಬಹಳ ಕಷ್ಟ.

ಈಗ ಈ ಪ್ರದೇಶದ ಚಿತ್ರವನ್ನು ಸ್ವಲ್ಪ ನೋಡೋಣ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಗದಗ ಜಿಲ್ಲೆಯಾಯಿತು. ರೋಣ, ನರಗುಂದ ಅದರ ತಾಲ್ಲೂಕುಗಳಾದವು. ಬಹುಕಾಲ ರೋಣ ತಾಲ್ಲೂಕಿನಲ್ಲಿದ್ದ ಗಜೇಂದ್ರಗಡ ನಂತರ ತಾನೇ ಒಂದು ತಾಲ್ಲೂಕಾಯಿತು. ಹೆಚ್ಚಿನದೆಲ್ಲ ಎರೆಭೂಮಿ. ಜೋಳ, ಕಡಲೆ, ಹತ್ತಿ, ಮೆಣಸಿನಕಾಯಿ, ಉಳ್ಳಾಗಡ್ಡಿ ಬೆಳೆಯುವ ನೆಲ. ನರಗುಂದದ ಕಡೆ ಮಲಪ್ರಭೆಯ ಕಾಲುವೆ ಇದೆ. ಗಜೇಂದ್ರಗಡದಲ್ಲಿ ಕೈಮಗ್ಗಗಳಿವೆ, ಅಲ್ಲಿನ ಪಟ್ಟೇದಂಚಿನ ಸೀರೆ ಹೆಸರಾದದ್ದು. ಮಳೆ ಕೈಕೊಟ್ಟ ವರ್ಷ ಈ ಹಳ್ಳಿಗಳಿಂದ, ತಾಂಡಾಗಳಿಂದ ಜನ ದುಡಿಮೆಗಾಗಿ ಗೋವಾ, ಮಂಗಳೂರು, ಬೆಂಗಳೂರುಗಳಿಗೆ ಗುಳೆ ಹೋಗುತ್ತಾರೆ.

2011ರ ಜನಗಣತಿಯ ಪ್ರಕಾರ ಗದಗ ಜಿಲ್ಲೆಯಲ್ಲಿ ನೂರಕ್ಕೆ ಸುಮಾರು 75 ಮಂದಿ ಅಕ್ಷರಸ್ಥರು. ಗಂಡಸರನ್ನು ಬೇರೆಯಾಗಿ ಎಣಿಸಿದರೆ ಈ ಸಂಖ್ಯೆ ಸುಮಾರು 85, ಹೆಂಗಸರಲ್ಲಿ ಸುಮಾರು 65. ಅಂದರೆ ಇಬ್ಬರ ನಡುವೆ ನೂರಕ್ಕೆ ಇಪ್ಪತ್ತರಷ್ಟು ಅಂತರ. ಹೀಗಾಗಿ ನಮ್ಮ ಕಡೆ ವಯಸ್ಕರ ತರಗತಿ ಎಂದರೆ ಮುಖ್ಯವಾಗಿ ಹೆಣ್ಣುಮಕ್ಕಳ ತರಗತಿ ಎಂದೇ ತಿಳಿಯಬೇಕು. ಅವರಲ್ಲಿ ಬಹಳ ಮಂದಿ ಕೂಲಿಕಾರರು. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಯೋಗಕ್ಷೇಮದ ಪ್ರಶ್ನೆಗಳು ತಾವಾಗಿಯೇ ಎದ್ದುಬರುತ್ತವೆ.

ವಯಸ್ಕರ ಶಿಕ್ಷಣ ನಮ್ಮ ನಾಡಿಗೆ ಹೊಸದೇನಲ್ಲ. 1940ರ ಹೊತ್ತಿಗೆ ಮೈಸೂರಿನ ಕಾಲೇಜು ವಿದ್ಯಾರ್ಥಿಗಳು ಈ ಕೆಲಸಕ್ಕೆ ಕೈಹಾಕಿದರು. ಅದರಿಂದಲೇ ಮುಂದೆ ವಯಸ್ಕರ ಶಿಕ್ಷಣ ಸಮಿತಿ ಬೆಳೆಯಿತು. ಅಂದರೆ ಈ ದಾರಿಯಲ್ಲಿ ಮೊದಲು ನಡೆದವರು ನಿಮ್ಮಂಥ ವಿದ್ಯಾರ್ಥಿಗಳೇ. 1978ರ ಅಕ್ಟೋಬರ್ 2ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ, 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್, 2009ರಲ್ಲಿ ಸಾಕ್ಷರ ಭಾರತ ಬಂದವು. 2022ರಿಂದ 2027ರವರೆಗಿನ ಅವಧಿಗೆ ನವಭಾರತ ಸಾಕ್ಷರತಾ ಕಾರ್ಯಕ್ರಮವನ್ನು ರೂಪಿಸಲಾಯಿತು. ಇದನ್ನು 'ಉಲ್ಲಾಸ್' ಎಂದು ಕರೆಯುತ್ತಾರೆ. ಇದರಲ್ಲಿ ಹದಿನೈದು ವರ್ಷ ತುಂಬಿದ ಯಾರು ಬೇಕಾದರೂ ಕಲಿಯಬಹುದು. ಕಲಿಸುವವರು ಸಂಬಳವಿಲ್ಲದ ಸ್ವಯಂಸೇವಕರು, ವಿದ್ಯಾರ್ಥಿಗಳೂ ಅವರಲ್ಲಿ ಸೇರಿದ್ದಾರೆ. ಸ್ವಯಂಸೇವಕರನ್ನೇ ನಂಬಿರುವ ಇಂಥ ವ್ಯವಸ್ಥೆಯಲ್ಲಿ ಕಲಿಯುವವರ ಕ್ಷೇಮದ ಹೊಣೆಯ ಒಂದು ಪಾಲು ನಿಮ್ಮ ಹೆಗಲಿಗೂ ಬರುತ್ತದೆ.

ಆ ಹೊಣೆಯನ್ನು ಒಂದೊಂದಾಗಿ ವಿಚಾರ ಮಾಡೋಣ.

ಮೊದಲನೆಯದು ದೇಹ. ನಲವತ್ತರ ಸುಮಾರಿಗೆ ಮನುಷ್ಯನ ಕಣ್ಣಿನ ಮಸೂರ ಬಿರುಸಾಗುತ್ತ ಹೋಗುತ್ತದೆ, ಹತ್ತಿರದ ಸಣ್ಣ ವಸ್ತುಗಳು ಮಸುಕಾಗುತ್ತವೆ. ನಮ್ಮ ಹಿರಿಯರು ಕನ್ನಡಕಕ್ಕೆ 'ಚಾಳೀಸು' ಎನ್ನುತ್ತಾರೆ. ಹಿಂದಿಯಲ್ಲಿ ಚಾಲೀಸ್ ಎಂದರೆ ನಲವತ್ತು. ಹೆಸರಿನಲ್ಲಿಯೇ ವಯಸ್ಸು ಅಡಗಿದೆ. ಪೇಟೆಯಲ್ಲಿ ಬೆಲೆ ತೆತ್ತು ಓದುವ ಕನ್ನಡಕ ತೆಗೆದುಕೊಳ್ಳುವವರಿಗೆ ಇದು ತೊಂದರೆಯೇ ಅಲ್ಲ. ಎಂದೂ ಓದದವರಿಗೆ ತಮ್ಮ ಕಣ್ಣಿನಲ್ಲಿ ಕೊರತೆ ಇದೆಯೆಂಬುದು ಗೊತ್ತಾಗುವುದೇ ಪುಸ್ತಕ ಹಿಡಿದ ದಿನ, ಅದನ್ನು ಅವರು ತಮ್ಮ ದಡ್ಡತನವೆಂದು ತಿಳಿಯುತ್ತಾರೆ. ಆದ್ದರಿಂದ ತರಗತಿಯ ಮೊದಲ ವಾರದಲ್ಲಿಯೇ ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ಕೇಳಿಕೊಂಡು ಎಲ್ಲರ ಕಣ್ಣು ಪರೀಕ್ಷೆ ಮಾಡಿಸುವುದು ಒಳ್ಳೆಯದು. ದೀಪ ಹಲಗೆಯ ಮೇಲೆ ಬಿದ್ದರೆ ಸಾಲದು, ಕೂತವರ ಪಾಟಿಯ ಮೇಲೂ ಬೀಳಬೇಕು. ಕಿವಿ ಮಂದವಾದವರನ್ನು ಮುಂದೆ ಕೂರಿಸಬೇಕು. ಬಾಣಂತಿಯರು, ಗರ್ಭಿಣಿಯರು, ಮೊಣಕಾಲು ನೋವಿನವರು ನೆಲದ ಮೇಲೆ ಬಹಳ ಹೊತ್ತು ಕೂರಲಾರರು. ಕುಡಿಯುವ ನೀರು, ಶೌಚಾಲಯದ ಅನುಕೂಲ ಎಲ್ಲಿದೆ ಎಂಬುದನ್ನು ನೋಡಿಯೇ ಸ್ಥಳ ಗೊತ್ತುಮಾಡಬೇಕು.

ಎರಡನೆಯದು ಸಮಯ. ಹಿಂಗಾರಿ ಜೋಳ, ಕಡಲೆಯ ಸುಗ್ಗಿಯಲ್ಲಿ ಬೆಳಗಿನ ಜಾವ ಹೊಲಕ್ಕೆ ಹೋದವಳು ರಾತ್ರಿ ತರಗತಿಯಲ್ಲಿ ತೂಕಡಿಸಿದರೆ ಅದು ಸೋಮಾರಿತನವಲ್ಲ. ಸುಗ್ಗಿಯಲ್ಲಿ ತರಗತಿಯನ್ನು ವಾರಕ್ಕೆ ಎರಡು ದಿನಕ್ಕೆ ಇಳಿಸಿ, ಕೆಲಸ ಕಡಿಮೆಯಾದಾಗ ಹೆಚ್ಚಿಸಬಹುದು. ಗುಳೆ ಹೋದವರ ಹೆಸರನ್ನು ಹೊಡೆದುಹಾಕದೆ, ಪುಸ್ತಕವನ್ನು ಜೊತೆಗೆ ಕೊಟ್ಟು ಕಳುಹಿಸಿ, ಹಿಂದಿರುಗಿದಾಗ ಮತ್ತೆ ಕರೆಯಬೇಕು. 1989ರಲ್ಲಿ ಬೀದರ, ಬಿಜಾಪುರ, ಮೈಸೂರು ಜಿಲ್ಲೆಗಳಲ್ಲಿ ಆರಂಭವಾದ ಮಹಿಳಾ ಸಮಾಖ್ಯ ಕಾರ್ಯಕ್ರಮವು ಈ ವಿಷಯದಲ್ಲಿ ಒಂದು ಪಾಠ ಕಲಿಸಿತು. ಅಲ್ಲಿ ಮೊದಲು ಅಕ್ಷರವನ್ನು ಹೇರಲಿಲ್ಲ. ಹೆಂಗಸರು ಸಂಘ ಕಟ್ಟಿಕೊಂಡು, ತಮ್ಮ ಕಷ್ಟಸುಖ ಮಾತಾಡಿಕೊಂಡು, ಯಾವುದನ್ನು ಯಾವಾಗ ಕಲಿಯಬೇಕೆಂಬುದನ್ನು ತಾವೇ ತೀರ್ಮಾನಿಸುತ್ತಿದ್ದರು.

ಮೂರನೆಯದು ದಾರಿ ಮತ್ತು ಸ್ಥಳ. ರಾತ್ರಿ ಒಂಬತ್ತಕ್ಕೆ ತರಗತಿ ಮುಗಿದರೆ ಊರಾಚೆಯ ಓಣಿಯ ಹೆಣ್ಣುಮಗಳು ಮನೆಗೆ ಹೋಗುವುದು ಹೇಗೆ? ದಾರಿಯಲ್ಲಿ ದೀಪವಿದೆಯೇ? ಸಾರಾಯಿ ಕುಡಿದು ಕೂರುವವರ ಕಟ್ಟೆಯನ್ನು ದಾಟಿ ಹೋಗಬೇಕೇ? ಈ ಪ್ರಶ್ನೆಗಳನ್ನು ನೀವೇ ಆ ದಾರಿಯಲ್ಲಿ ಒಮ್ಮೆ ನಡೆದು ನೋಡಿ ಉತ್ತರಿಸಿಕೊಳ್ಳಬೇಕು. ಗುಂಪಾಗಿ ಬಂದು ಗುಂಪಾಗಿ ಹೋಗುವ ಏರ್ಪಾಡು ಮಾಡಬೇಕು. ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದ ಸಾಕ್ಷರತಾ ಆಂದೋಲನದಲ್ಲಿ ಹೆಂಗಸರಿಗೆ ಅಕ್ಷರದ ಜೊತೆಗೆ ಸೈಕಲ್ ಹೊಡೆಯುವುದನ್ನೂ ಕಲಿಸಿದರು. ಅಕ್ಷರಕ್ಕೂ ಸೈಕಲಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಯಾರನ್ನೂ ಕಾಯದೆ, ಯಾರಿಗೂ ಹೆದರದೆ ಹೋಗಿಬರುವ ಅನುಕೂಲವಿದ್ದರೆ ತಾನೇ ಕಲಿಯಲು ಬರುವುದು? ಸ್ಥಳದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಇದೆ. ಗುಡಿಯ ಕಟ್ಟೆಯೋ ದೊಡ್ಡವರ ಪಡಸಾಲೆಯೋ ಆದರೆ ಎಲ್ಲ ಓಣಿಯವರೂ ಸಂಕೋಚವಿಲ್ಲದೆ ಬಂದು ಒಂದೇ ಚಾಪೆಯ ಮೇಲೆ ಕೂರುವರೇ ಎಂಬುದನ್ನು ಮೊದಲೇ ವಿಚಾರಿಸಬೇಕು. ಹಾಗೆ ಕೂರಲಾಗದ ಸ್ಥಳ ತರಗತಿಗೆ ತಕ್ಕದ್ದಲ್ಲ.

ನಾಲ್ಕನೆಯದು ಮಾನ. ವಯಸ್ಸಾದವರನ್ನು ಏಕವಚನದಲ್ಲಿ ಕರೆಯುವುದು, ತಪ್ಪಿದರೆ ಎಲ್ಲರೆದುರು ನಿಲ್ಲಿಸುವುದು, ಸೊಸೆಯ ಓದನ್ನು ಅತ್ತೆಯ ಓದಿಗೆ ಹೋಲಿಸುವುದು ಇವೆಲ್ಲ ನೋವುಂಟುಮಾಡುತ್ತವೆ. ಹೆಬ್ಬೆಟ್ಟಿನವರು ಎಂಬ ಮಾತನ್ನು ನಿಮ್ಮ ಬಾಯಿಂದ ತೆಗೆದುಹಾಕಿ. ಇವರು ಬೀಜದ ಲೆಕ್ಕ, ಸಂತೆಯ ಲೆಕ್ಕ, ಮಗ್ಗದ ಎಳೆಗಳ ಲೆಕ್ಕ ತಲೆಯಲ್ಲಿಯೇ ಇಟ್ಟುಕೊಂಡವರು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಮಲಪ್ರಭಾ ಕಾಲುವೆಯ ಅಭಿವೃದ್ಧಿ ಕರದ ವಿರುದ್ಧ ಎದ್ದುನಿಂತ ರೈತರ ನೆಲ ಇದು. ತಮ್ಮ ಮೇಲೆ ಬರೆದ ಕಾಗದವನ್ನು ಪ್ರಶ್ನಿಸಲು ಬಲ್ಲವರಿಗೆ ಆ ಕಾಗದವನ್ನು ಓದುವ ಶಕ್ತಿಯನ್ನೂ ಕೊಡುವುದಷ್ಟೇ ನಮ್ಮ ಕೆಲಸ. ಫೋಟೋ ತೆಗೆಯುವ ಮೊದಲು ಅನುಮತಿ ಕೇಳಿ. ಬೇಡವೆಂದವರನ್ನು ಒತ್ತಾಯಿಸಬೇಡಿ.

ಐದನೆಯದು ನಂಬಿಕೆ. ಅಕ್ಷರ ಬಾರದವರು ನಿಮ್ಮನ್ನು ಬಹಳ ನಂಬುತ್ತಾರೆ. ಬ್ಯಾಂಕಿನ ಪುಸ್ತಕ, ಆಧಾರ್ ಚೀಟಿ, ಮೊಬೈಲ್ ಎಲ್ಲವನ್ನೂ ನಿಮ್ಮ ಕೈಗೆ ಕೊಟ್ಟು, "ನೀನೇ ನೋಡಪ್ಪಾ" ಎನ್ನುತ್ತಾರೆ. ಇಂದಿನ ದಿನಗಳಲ್ಲಿ ಇದು ದೊಡ್ಡ ಅಪಾಯದ ಜಾಗ. ಮೊಬೈಲಿಗೆ ಬರುವ ಓಟಿಪಿ, ಎಟಿಎಂ ಪಿನ್ ಇವುಗಳನ್ನು ನೀವು ಕೇಳಬೇಡಿ, ಅವರು ಹೇಳಹೊರಟರೂ ತಡೆಯಿರಿ, ಅದನ್ನೇ ಒಂದು ಪಾಠವನ್ನಾಗಿ ಮಾಡಿ. ಖಾಲಿ ಕಾಗದಕ್ಕೆ ಸಹಿ ಮಾಡಬಾರದು, ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತಬಾರದು ಎಂಬುದನ್ನು ಮೊದಲ ತಿಂಗಳಿನಲ್ಲಿಯೇ ಕಲಿಸಿ. ಈಗಷ್ಟೇ ಸಹಿ ಕಲಿತವರಿಗೆ ಸಹಿ ಮಾಡುವುದೇ ಒಂದು ಸಂತೋಷ. ಆ ಸಂತೋಷವನ್ನು ಸಾಲ ಕೊಡುವವನೊಬ್ಬ ದುರುಪಯೋಗ ಮಾಡಿಕೊಳ್ಳಬಹುದು. ಕಲಿಯುವವರಿಂದ ಹಣವನ್ನಾಗಲಿ ಸಾಮಾನನ್ನಾಗಲಿ ತೆಗೆದುಕೊಳ್ಳಬೇಡಿ, ಅವರಿಗೆ ಸಾಲವನ್ನೂ ಕೊಡಬೇಡಿ.

ಇನ್ನು ಎಲ್ಲಕ್ಕಿಂತ ಸೂಕ್ಷ್ಮವಾದ ವಿಚಾರಕ್ಕೆ ಬರೋಣ. ತರಗತಿಯಲ್ಲಿ ಸ್ನೇಹ ಬೆಳೆದ ಮೇಲೆ ಒಂದು ದಿನ ಯಾರೋ ಒಬ್ಬರು ನಿಮ್ಮೊಡನೆ ತಮ್ಮ ದುಃಖವನ್ನು ಹೇಳಿಕೊಳ್ಳಬಹುದು. ಗಂಡ ಹೊಡೆಯುತ್ತಾನೆಂದು ಹೇಳಬಹುದು, ದುಡಿಯುವ ಸ್ಥಳದಲ್ಲಿ ಮೇಸ್ತ್ರಿಯ ಕಾಟವಿದೆಯೆಂದು ಹೇಳಬಹುದು. ಅಥವಾ ಕಲಿಸುವವರಲ್ಲಿಯೇ ಒಬ್ಬರು ಅನುಚಿತವಾಗಿ ನಡೆದುಕೊಂಡರೆಂದು ಹೇಳಬಹುದು. ಆಗ ಏನು ಮಾಡಬೇಕು?

ಮೊದಲು ಸಮಾಧಾನದಿಂದ ಕೇಳಬೇಕು. ನಡುವೆ ಬಾಯಿ ಹಾಕಬಾರದು, ನಂಬುವುದಿಲ್ಲ ಎಂಬಂತೆ ಪ್ರಶ್ನೆ ಹಾಕಬಾರದು. ಬುದ್ಧಿ ಹೇಳಲು ನೀವೇ ಆ ಮನೆಗೆ ಹೋಗಬಾರದು. ಹಾಗೆ ಮಾಡಿದರೆ ನೀವು ಹೊರಟುಬಂದ ಮೇಲೆ ಪೆಟ್ಟು ತಿನ್ನುವವಳು ಆಕೆಯೇ. ಕೇಳಿದ್ದನ್ನು ಗೆಳೆಯರ ನಡುವೆ ಸುದ್ದಿ ಮಾಡಬಾರದು. ಯಾವ ಸಹಾಯ ದೊರೆಯುತ್ತದೆ ಎಂಬುದನ್ನು ತಿಳಿಸಿ, ಆಕೆಯ ಒಪ್ಪಿಗೆ ಪಡೆದು, ನಿಮ್ಮ ಉಪನ್ಯಾಸಕರಿಗೋ ಯೋಜನಾಧಿಕಾರಿಗೋ ತಿಳಿಸಬೇಕು. ಮಹಿಳೆಯರ ಸಹಾಯವಾಣಿ 181, ತುರ್ತು ಕರೆಗೆ 112. ಮನೆಯೊಳಗಿನ ಹಿಂಸೆಯ ವಿರುದ್ಧ 2005ರ ಕಾನೂನಿದೆ, ಅದರಡಿಯಲ್ಲಿ ಸಂರಕ್ಷಣಾಧಿಕಾರಿಗಳಿದ್ದಾರೆ.

ಇಲ್ಲಿ ಒಂದು ಮುಖ್ಯ ವ್ಯತ್ಯಾಸವನ್ನು ಗಮನಿಸಿ. ವಯಸ್ಕರ ತರಗತಿಗೆ ಹದಿನೈದು ತುಂಬಿದವರು ಬರಬಹುದು ಎಂದೆನಲ್ಲವೇ? ಹದಿನೆಂಟು ತುಂಬದವರು ಕಾನೂನಿನ ದೃಷ್ಟಿಯಲ್ಲಿ ಇನ್ನೂ ಮಕ್ಕಳು. ಶಾಲೆ ಬಿಟ್ಟು ಕೂಲಿಗೆ ಹೋಗುವ ಹದಿನಾರರ ಹುಡುಗಿ ನಿಮ್ಮ ತರಗತಿಯಲ್ಲಿದ್ದರೆ, ಅವಳ ಮೇಲೆ ಲೈಂಗಿಕ ದೌರ್ಜನ್ಯ ನಡೆದ ವಿಷಯ ತಿಳಿದರೆ, ಅದನ್ನು ಗುಟ್ಟಾಗಿ ಇಡುತ್ತೇನೆಂದು ಮಾತು ಕೊಡುವಂತಿಲ್ಲ. 2012ರ ಪೋಕ್ಸೊ ಕಾಯಿದೆಯ ಪ್ರಕಾರ ಅದನ್ನು ಪೊಲೀಸರಿಗೆ ತಿಳಿಸುವುದು ತಿಳಿದವರ ಕರ್ತವ್ಯ. ನೀವೇ ಇನ್ನೂ ಚಿಕ್ಕವರಾಗಿದ್ದರೆ ತಡಮಾಡದೆ ನಿಮ್ಮ ಅಧ್ಯಾಪಕರಿಗೆ ಹೇಳಿ, ಇಲ್ಲವೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಅವಳ ಹೆಸರನ್ನು ಬೇರೆ ಯಾರಿಗೂ ಹೇಳಬೇಡಿ.

ಕಲಿಸುವವರಿಂದಲೇ ತೊಂದರೆಯಾದರೆ? ಈ ಪ್ರಶ್ನೆಯನ್ನು ಮುಚ್ಚಿಡುವುದು ಸರಿಯಲ್ಲ. 1992ರಲ್ಲಿ ರಾಜಸ್ಥಾನದ ಒಂದು ಹಳ್ಳಿಯಲ್ಲಿ ಬಾಲ್ಯವಿವಾಹವನ್ನು ತಡೆಯಲು ಹೋದ ಸರ್ಕಾರಿ ಕಾರ್ಯಕ್ರಮವೊಂದರ ಮಹಿಳಾ ಕಾರ್ಯಕರ್ತೆಯ ಮೇಲೆ ಅತ್ಯಾಚಾರ ನಡೆಯಿತು. ಕೆಲಸಕ್ಕೆ ಕಳುಹಿಸಿದ ವ್ಯವಸ್ಥೆ ಆಕೆಯ ರಕ್ಷಣೆಗೆ ಏನನ್ನೂ ಸಿದ್ಧಮಾಡಿರಲಿಲ್ಲ. ಆ ಘಟನೆಯ ಹಿನ್ನೆಲೆಯಲ್ಲಿ ಸುಪ್ರೀಂ ಕೋರ್ಟು 1997ರಲ್ಲಿ ವಿಶಾಖಾ ಪ್ರಕರಣದಲ್ಲಿ ಮಾರ್ಗಸೂಚಿಗಳನ್ನು ಕೊಟ್ಟಿತು. 2013ರಲ್ಲಿ ಅದೇ ಕಾನೂನಾಯಿತು. ಈ ಕಾನೂನಿನಲ್ಲಿ ಕೆಲಸದ ಸ್ಥಳವೆಂಬ ಮಾತಿಗೆ ಶಿಕ್ಷಣ ಸಂಸ್ಥೆಗಳೂ ಸೇರಿವೆ. ಸಂಬಳವಿಲ್ಲದೆ ಸೇವೆ ಮಾಡುವವರೂ ಇದರ ವ್ಯಾಪ್ತಿಗೆ ಬರುತ್ತಾರೆ. ಹತ್ತಕ್ಕಿಂತ ಕಡಿಮೆ ಜನ ದುಡಿಯುವ ಸ್ಥಳಗಳ ದೂರುಗಳಿಗಾಗಿ ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರಬೇಕೆಂದು ಅದು ಹೇಳುತ್ತದೆ. ಸಾಮಾನ್ಯವಾಗಿ ಮೂರು ತಿಂಗಳೊಳಗೆ ದೂರು ಕೊಡಬೇಕು. ಬರೆಯಲು ಬಾರದವರಿಗೆ ದೂರು ಬರೆದುಕೊಡುವ ನೆರವು ದೊರೆಯಬೇಕೆಂದೂ ಅದರಲ್ಲಿದೆ. ಇದನ್ನು ತರಗತಿಯ ಮೊದಲ ದಿನವೇ ಎಲ್ಲರಿಗೂ ತಿಳಿಯುವ ಮಾತಿನಲ್ಲಿ ಹೇಳಬೇಕು. ಯಾರ ಬಳಿ ಹೇಳಿಕೊಳ್ಳಬೇಕು ಎಂಬುದು ಗೊತ್ತಿರುವ ಕಡೆ ತಪ್ಪು ಮಾಡುವವರಿಗೂ ಅಂಜಿಕೆ ಇರುತ್ತದೆ.

ನಿಮ್ಮ ಸುರಕ್ಷತೆಯನ್ನೂ ನಾನು ಮರೆತಿಲ್ಲ. ವಿದ್ಯಾರ್ಥಿನಿಯರು ರಾತ್ರಿ ಒಬ್ಬರೇ ಹಳ್ಳಿಗೆ ಹೋಗುವುದು ಬೇಡ. ಎಲ್ಲಿಗೆ ಹೋಗುತ್ತೀರಿ, ಯಾವಾಗ ಹಿಂದಿರುಗುತ್ತೀರಿ ಎಂಬುದು ಮನೆಯಲ್ಲೂ ಕಾಲೇಜಿನಲ್ಲೂ ಗೊತ್ತಿರಲಿ. ಹುಡುಗರೂ ಒಬ್ಬ ಕಲಿಯುವವಳೊಡನೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಪಾಠ ಮಾಡಬಾರದು. ತರಗತಿ ನಾಲ್ಕು ಜನರ ಕಣ್ಣಿಗೆ ಕಾಣುವ ಸ್ಥಳದಲ್ಲಿರಲಿ, ಇಬ್ಬರು ಸೇರಿ ಕಲಿಸಿ. ಇದರಿಂದ ಕಲಿಯುವವರಿಗೂ ಕ್ಷೇಮ, ನಿಮಗೂ ಕ್ಷೇಮ.

ಇಷ್ಟೆಲ್ಲ ಎಚ್ಚರಿಕೆ ಏಕೆ, ನಾವು ಕಲಿಸುವುದು ಬರೀ ಅ ಆ ಇ ಈ ತಾನೇ ಎಂದು ನೀವು ಕೇಳಬಹುದು. ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯನ್ನು ನೆನಪಿಸಿಕೊಳ್ಳಿ. 1990ರ ದಶಕದ ಆರಂಭದಲ್ಲಿ ಅಲ್ಲಿಯ ಸಾಕ್ಷರತಾ ತರಗತಿಯ ಪುಸ್ತಕದಲ್ಲಿ ಸೀತಮ್ಮ ಎಂಬ ಹೆಣ್ಣುಮಗಳ ಕಥೆಯ ಪಾಠವಿತ್ತು, ಸಾರಾಯಿಯಿಂದ ಹಾಳಾದ ಸಂಸಾರದ ಕಥೆ. ಅದನ್ನು ಓದಿದ ಹೆಂಗಸರು ತಮ್ಮ ಮನೆಗಳ ಕಥೆಯನ್ನೂ ಒಬ್ಬರಿಗೊಬ್ಬರು ಹೇಳಿಕೊಂಡರು, ಊರಿನ ಸಾರಾಯಿ ಅಂಗಡಿಯನ್ನು ಮುಚ್ಚಿಸಿದರು. ಆ ಚಳವಳಿ ಇಡೀ ರಾಜ್ಯಕ್ಕೆ ಹಬ್ಬಿ, 1993ರಲ್ಲಿ ಅಲ್ಲಿ ಸಾರಾಯಿ ನಿಷೇಧವಾಯಿತು. ನಮ್ಮ ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರಲ್ಲಿ. ದೂಬಗುಂಟದ ಹೆಂಗಸರು ಆ ಮಾತನ್ನು ಬಾಯಿಬಿಟ್ಟು ಆಡಿದ್ದು, ಆ ಕೋಣೆಯಲ್ಲಿ ಯಾರೂ ತಮ್ಮನ್ನು ನೋಡಿ ನಗುವುದಿಲ್ಲ ಎಂಬ ಭರವಸೆ ಇದ್ದುದರಿಂದ ತಾನೇ?

ಅಂಥ ಭರವಸೆಯನ್ನು ನಾವು ನಮ್ಮ ಗುಡಿಯ ಕಟ್ಟೆಯ ಮೇಲೆ ಕೊಡಲಾಗಲಿಲ್ಲ. ಒಂದು ಕನ್ನಡಕದಿಂದ, ಒಂದು ಒಳ್ಳೆಯ ಮಾತಿನಿಂದ ಆಗಬಹುದಾಗಿದ್ದ ಕೆಲಸ ಆಗದೆ ಉಳಿಯಿತು. ಈಗಲೂ ರೋಣದ ಬಸ್ ನಿಲ್ದಾಣದಲ್ಲಿ ವಯಸ್ಸಾದ ಹೆಂಗಸೊಬ್ಬಳು ಬಸ್ಸಿನ ಹಲಗೆಯತ್ತ ಕತ್ತೆತ್ತಿ ನೋಡುತ್ತ ನಿಂತದ್ದನ್ನು ಕಂಡಾಗ ನನಗೆ ಆಕೆಯ ನೆನಪಾಗುತ್ತದೆ.

ಆದ್ದರಿಂದ ನಿಮ್ಮಲ್ಲಿ ಒಂದು ಕೋರಿಕೆ. ರೋಣ, ನರಗುಂದ, ಗಜೇಂದ್ರಗಡದ ಯಾವುದೇ ಹಳ್ಳಿಯಲ್ಲಾಗಲಿ, ನಿಮ್ಮದೇ ಓಣಿಯಲ್ಲಾಗಲಿ, ಯಾರಿಗಾದರೂ ಅಕ್ಷರ ಕಲಿಸಲು ಕುಳಿತಾಗ ಪುಸ್ತಕವನ್ನು ತೆರೆಯುವ ಮೊದಲು ಹತ್ತು ನಿಮಿಷ ಅವರೊಡನೆ ಸುಮ್ಮನೆ ಮಾತಾಡಿ. ಊಟವಾಯಿತೇ, ದಾರಿಯಲ್ಲಿ ತೊಂದರೆಯಾಯಿತೇ, ಮನೆಯಲ್ಲಿ ಒಪ್ಪಿದ್ದಾರೆಯೇ, ಅಕ್ಷರ ಕಣ್ಣಿಗೆ ಸರಿಯಾಗಿ ಕಾಣುತ್ತಿದೆಯೇ ಎಂದು ಕೇಳಿ. ಉತ್ತರವನ್ನು ಪೂರ್ತಿಯಾಗಿ ಕೇಳಿಸಿಕೊಳ್ಳಿ. ಆಮೇಲೆ ಪಾಠ ಆರಂಭಿಸಿ.